ಕೊಳ್ಳುವವರ ರೇಟಿಂಗ್, ಮಾರುವವರ ಮೌನ

ಪ್ರಶ್ನೆ: ನಾನು ಆನ್‌ಲೈನ್ ಮಾರುಕಟ್ಟೆಯೊಂದರಲ್ಲಿ ಹಳೆಯ ಪುಸ್ತಕಗಳನ್ನು ಮಾರುತ್ತೇನೆ. ಒಂದು ಪುಸ್ತಕದ ರಕ್ಷಾಪುಟ ಹರಿದಿದೆಯೆಂದು ವಿವರಣೆಯಲ್ಲೇ ಬರೆದಿದ್ದೆ. ಆದರೂ ಅದನ್ನು ಕೊಂಡವರು ಅರ್ಧ ಹಣ ಹಿಂದಿರುಗಿಸುವಂತೆ ಕೇಳಿದರು. ನಾನು ಒಪ್ಪದಿದ್ದಾಗ ಒಂದೇ ನಕ್ಷತ್ರ ಕೊಟ್ಟರು. ಅವರ ಬಗ್ಗೆ ಪ್ರತಿಕೂಲ ಅಭಿಪ್ರಾಯ ದಾಖಲಿಸಲು ನನಗೆ ಅವಕಾಶವೇ ಇಲ್ಲ. ಇದು ನ್ಯಾಯವೇ?

ಉತ್ತರ: ನಿಮಗೆ ಆಗಿರುವುದು ಅನ್ಯಾಯವೇ. ಆದರೆ ನೀವು ಬಯಸುವ ಪರಿಹಾರವನ್ನು ಇಬೇ ಎಂಬ ಆನ್‌ಲೈನ್ ಮಾರುಕಟ್ಟೆ ಸಂಸ್ಥೆ ಬಹುಕಾಲ ನಡೆಸಿ ನೋಡಿ, ಕೊನೆಗೆ ಕೈಬಿಟ್ಟಿತು. 1996ರಲ್ಲಿ ಅಲ್ಲಿ ಆರಂಭವಾದ ವ್ಯವಸ್ಥೆಯಲ್ಲಿ ಕೊಳ್ಳುವವರು ಮತ್ತು ಮಾರುವವರು ಪರಸ್ಪರರ ಬಗ್ಗೆ ಒಳ್ಳೆಯದು, ಸಾಧಾರಣ ಅಥವಾ ಕೆಟ್ಟದ್ದು ಎಂದು ದಾಖಲಿಸಬಹುದಿತ್ತು. ಮೇಲ್ನೋಟಕ್ಕೆ ಇದಕ್ಕಿಂತ ಸಮಾನವಾದ ಏರ್ಪಾಡು ಇನ್ನೊಂದಿಲ್ಲ. ಆದರೆ ಹಣ ಕೈಸೇರಿದ ಮೇಲೂ ಹಲವು ಮಾರಾಟಗಾರರು ತಮ್ಮ ಅಭಿಪ್ರಾಯವನ್ನು ತಡೆಹಿಡಿದು, ಕೊಂಡವರು ಏನು ಬರೆಯುತ್ತಾರೆಂದು ಕಾಯತೊಡಗಿದರು. ಕೆಟ್ಟದಾಗಿ ಬರೆದವರಿಗೆ ಕೆಟ್ಟದ್ದನ್ನೇ ಹಿಂದಿರುಗಿಸಿದರು. ಇದನ್ನು ಅರಿತ ಅತೃಪ್ತ ಗ್ರಾಹಕರು ಏನನ್ನೂ ಬರೆಯದೆ ಸುಮ್ಮನಾದರು. ಪಾಲ್ ರೆಸ್ನಿಕ್ ಮತ್ತು ರಿಚರ್ಡ್ ಝೆಕ್‌ಹೌಸರ್ ಎಂಬ ಸಂಶೋಧಕರು ಇಬೇಯ 1999ರ ವಹಿವಾಟುಗಳನ್ನು ಪರಿಶೀಲಿಸಿದಾಗ, ಸುಮಾರು ಅರ್ಧದಷ್ಟು ವ್ಯವಹಾರಗಳಲ್ಲಿ ಮಾತ್ರ ಕೊಂಡವರು ಅಭಿಪ್ರಾಯ ದಾಖಲಿಸಿದ್ದರು, ಮತ್ತು ಅದರಲ್ಲಿ ಸುಮಾರು ಶೇ. 99ರಷ್ಟು ಹೊಗಳಿಕೆಯೇ ಆಗಿತ್ತು. ಎಲ್ಲರನ್ನೂ ಹೊಗಳುವ ದಾಖಲೆಯಿಂದ ಯಾರನ್ನು ನಂಬಬೇಕೆಂಬುದು ತಿಳಿಯುವುದಿಲ್ಲ.

ಆದ್ದರಿಂದ 2008ರಲ್ಲಿ ಇಬೇ, ಮಾರುವವರು ಕೊಳ್ಳುವವರಿಗೆ ಪ್ರತಿಕೂಲ ರೇಟಿಂಗ್ ನೀಡುವುದನ್ನು ನಿಲ್ಲಿಸಿತು. ಮಾರಾಟಗಾರರು ಆಗ ಪ್ರತಿಭಟಿಸಿದ್ದು ಸಹಜವೇ. ಆದರೆ ಈ ಬದಲಾವಣೆಯನ್ನು ಅಧ್ಯಯನ ಮಾಡಿದ ಕ್ಲೈನ್, ಲ್ಯಾಂಬರ್ಟ್ಸ್ ಮತ್ತು ಸ್ಟಾಲ್ ಎಂಬ ಅರ್ಥಶಾಸ್ತ್ರಜ್ಞರು, ಮಾರಾಟಗಾರರು ಹೆಚ್ಚಿನ ಸಂಖ್ಯೆಯಲ್ಲಿ ಹೊರಹೋಗಲಿಲ್ಲವೆಂದೂ, ಇದ್ದವರ ಬಗ್ಗೆಯೇ ಗ್ರಾಹಕರ ತೃಪ್ತಿ ಹೆಚ್ಚಿತೆಂದೂ ಕಂಡುಕೊಂಡರು.

ಈ ಅಸಮಾನತೆಗೆ ಒಂದು ಆಧಾರವಿದೆ. ಕೊಳ್ಳುವವರು ವಸ್ತುವನ್ನು ಕಣ್ಣಾರೆ ನೋಡುವ ಮೊದಲೇ ಹಣ ಕೊಟ್ಟಿರುತ್ತಾರೆ. ವಸ್ತು ವಿವರಣೆಗೆ ತಕ್ಕಂತಿದೆಯೇ ಎಂಬುದನ್ನು ಮಾರುಕಟ್ಟೆ ತಾನಾಗಿ ಅರಿಯಲಾರದು, ಅವರನ್ನೇ ಕೇಳಬೇಕು. ಮಾರುವವರ ಮುಖ್ಯ ಆತಂಕವಾದ ಹಣ ಪಾವತಿಯಾದರೆ ಮಾರುಕಟ್ಟೆಯ ಲೆಕ್ಕದಲ್ಲೇ ಸಿಗುತ್ತದೆ, ಅದಕ್ಕೆ ನಕ್ಷತ್ರಗಳ ಅಗತ್ಯವಿಲ್ಲ. ಈ ವಾದ ಸೋಲುವುದು ನಿಮ್ಮಂಥ ಪ್ರಕರಣದಲ್ಲಿ: ರೇಟಿಂಗನ್ನು ಮುಂದಿಟ್ಟು ಹಣ ಕೇಳುವುದು, ಬೇರೆ ವಸ್ತುವನ್ನಿಟ್ಟು ಹಿಂದಿರುಗಿಸುವುದು ಲೆಕ್ಕದಲ್ಲಿ ಕಾಣುವುದಿಲ್ಲ. ರೇಟಿಂಗಿನ ಬೆದರಿಕೆಯಿಂದ ಲಾಭ ಪಡೆಯುವುದನ್ನು ಇಬೇ ನಿಯಮಗಳೂ ನಿಷೇಧಿಸಿವೆ, ಆದರೆ ಸಾಕ್ಷ್ಯ ಒದಗಿಸುವ ಹೊರೆ ಮಾರುವವರ ಮೇಲಿರುತ್ತದೆ. ಹಾಗಾಗಿ ಗ್ರಾಹಕರೊಡನೆ ಫೋನಿನಲ್ಲಿ ಮಾತನಾಡದೆ, ಮಾರುಕಟ್ಟೆಯ ಸಂದೇಶ ಪೆಟ್ಟಿಗೆಯಲ್ಲೇ ಬರೆಯಿರಿ. ರೇಟಿಂಗ್ ತೆಗೆಯಲು ಕೋರುವಾಗ ಹರಿದ ಪುಟದ ಚಿತ್ರವನ್ನೂ ನಿಮ್ಮ ಮೂಲ ವಿವರಣೆಯನ್ನೂ ಜೊತೆಗಿಡಿ. ಕೋರಿಕೆ ತಿರಸ್ಕೃತವಾದರೆ, ಸಾರ್ವಜನಿಕ ಉತ್ತರಕ್ಕೆ ಅವಕಾಶವಿರುವಲ್ಲಿ ಎರಡೇ ವಾಕ್ಯದಲ್ಲಿ, ಕೋಪವಿಲ್ಲದೆ ಉತ್ತರಿಸಿ. ಅದನ್ನು ಓದುವವರು ಮುಂದಿನ ಗ್ರಾಹಕರೇ ಹೊರತು ಜಗಳವಾಡಿದವರಲ್ಲ.

ನನಗೆ ಹೆಚ್ಚು ಕಾಡುವ ಅನ್ಯಾಯ ಬೇರೆಯದು. 20 ರೇಟಿಂಗ್ ಇರುವವರಿಗೆ ಒಂದು ಕೆಟ್ಟದ್ದು ಬಂದರೆ ಒಳ್ಳೆಯ ರೇಟಿಂಗುಗಳ ಪ್ರಮಾಣ ಶೇ. 95ಕ್ಕೆ ಇಳಿಯುತ್ತದೆ, 2000 ಇರುವವರಿಗೆ ಅದೇ ದೂರು ಬಂದರೂ ಶೇ. 99.95 ಉಳಿಯುತ್ತದೆ. ಒಂದೇ ಸುಳ್ಳು ದೂರು ಸಣ್ಣವರನ್ನು ಕೆಡವುತ್ತದೆ, ದೊಡ್ಡವರಿಗೆ ತಾಗುವುದೂ ಇಲ್ಲ. ಎಷ್ಟು ರೇಟಿಂಗುಗಳಿಂದ ಆ ಪ್ರಮಾಣ ಬಂದಿದೆಯೆಂಬುದನ್ನು ಅಷ್ಟೇ ದೊಡ್ಡ ಅಕ್ಷರದಲ್ಲಿ ತೋರಿಸುವಂತೆ ಮಾರಾಟಗಾರರು ಒತ್ತಾಯಿಸಬೇಕು.

ಪ್ರಶ್ನೆ: ಇಬ್ಬರೂ ಬರೆದ ಮೇಲಷ್ಟೇ ಎರಡೂ ಅಭಿಪ್ರಾಯಗಳನ್ನು ಒಟ್ಟಿಗೆ ಪ್ರಕಟಿಸಿದರೆ ಸೇಡಿಗೆ ಅವಕಾಶವೇ ಇರುವುದಿಲ್ಲವಲ್ಲ?

ಉತ್ತರ: ಇರುವುದಿಲ್ಲ. ಪ್ರವಾಸಿಗರಿಗೆ ಮನೆಗಳನ್ನು ತಂಗಲು ಒದಗಿಸುವ ಏರ್‌ಬಿಎನ್‌ಬಿ ತಾಣ 2014ರಿಂದ ಹೀಗೆಯೇ ಮಾಡುತ್ತಿದೆ: ಇಬ್ಬರೂ ಬರೆದಾಗ, ಇಲ್ಲವೇ 14 ದಿನಗಳ ಗಡುವು ಮುಗಿದಾಗ ಅಭಿಪ್ರಾಯಗಳು ಹೊರಬರುತ್ತವೆ. ಆದರೆ ಅಲ್ಲಿ ಅತಿಥಿ ಇನ್ನೊಬ್ಬರ ಮನೆಯೊಳಗೆ ತಂಗುವುದರಿಂದ ಆತಿಥೇಯರ ಅಪಾಯವೂ ಅಷ್ಟೇ ದೊಡ್ಡದು, ಮತ್ತು ಅವರು ಅತಿಥಿಯನ್ನು ನಿರಾಕರಿಸಬಲ್ಲರು. ಪುಸ್ತಕ ಮಾರುವವರು ಸಾಮಾನ್ಯವಾಗಿ ಹಣ ಕೊಟ್ಟವರಿಗೆಲ್ಲ ಮಾರುತ್ತಾರೆ. ಕೊಳ್ಳುವವರ ರೇಟಿಂಗನ್ನು ನೋಡಿ ನಿರಾಕರಿಸುವವರು ವಿರಳ. ನೋಡುವವರೇ ಇಲ್ಲದ ರೇಟಿಂಗನ್ನು ಎಷ್ಟು ನಿಷ್ಪಕ್ಷಪಾತವಾಗಿ ಸಂಗ್ರಹಿಸಿದರೂ ಮಾರುವವರಿಗೆ ರಕ್ಷಣೆ ಸಿಗುವುದಿಲ್ಲ.

ಪ್ರಶ್ನೆ: ಕೊರಿಯರ್ ತಡಮಾಡಿದರೆ ಮಾರಾಟಗಾರರ ನಕ್ಷತ್ರ ಕಡಿಮೆ ಮಾಡಬಹುದೇ?

ಉತ್ತರ: ಅವರು ಯಾವ ದಿನ ರವಾನಿಸಿದರೆಂಬುದನ್ನು ಮೊದಲು ನೋಡಿ. ಸಕಾಲದಲ್ಲಿ ಕಳುಹಿಸಿದ್ದರೆ ದೂರನ್ನು ಕೊರಿಯರ್ ಸಂಸ್ಥೆಗೆ ಕೊಡಿ, ನಕ್ಷತ್ರಗಳನ್ನು ವಸ್ತುವಿಗೆ ತಕ್ಕಂತೆ ಕೊಡಿ.