ಹೊಳೆದ ಕೋಶದಲ್ಲೆಲ್ಲ ಹೈಡ್ರೋಜನ್ ಪೆರಾಕ್ಸೈಡ್ ಇದೆಯೇ?

ಡಿಸಿಎಫ್‌ಎಚ್-ಡಿಎ ಎಂಬ, ಉತ್ಕರ್ಷಿತವಾದರೆ (ಆಕ್ಸಿಡೈಸ್ ಆದರೆ) ಹಸಿರಾಗಿ ಹೊಳೆಯುವ ಬಣ್ಣವನ್ನು ಹಾಕಿದಾಗ ಪೆರಾಕ್ಸೈಡ್ ಕೊಟ್ಟ ಕೋಶಗಳ ಜೊತೆ ಪೆರಾಕ್ಸೈಡ್ ಕೊಡದ ಕಂಟ್ರೋಲ್ ಕೋಶಗಳೂ ಹಸಿರಾಗಿ ಹೊಳೆಯುತ್ತಿವೆ, ಇದಕ್ಕಿಂತ ನಂಬಿಗಸ್ತ ಪ್ರೋಬ್ (ಪೆರಾಕ್ಸೈಡ್ ಇದ್ದರೆ ಹೊಳೆದು ತಿಳಿಸುವ ಅಣು) ಮಾಡುವುದು ಹೇಗೆ ಎಂದು ಕೇಳಿದ್ದೀರಿ.

ಸದ್ಯಕ್ಕೆ ಎರಡು ಚಿತ್ರಗಳನ್ನೂ ನಂಬಬೇಡಿ. ನಾನೂ ಈ ಹಳ್ಳಕ್ಕೆ ಬಿದ್ದವನೇ. ಎರಡು ವಾರ ಚಂದದ ಹಸಿರು ಚಿತ್ರ ತೆಗೆದು ಹಿಗ್ಗಿದ್ದೆ. ಆಮೇಲೆ ಪೆರಾಕ್ಸೈಡ್ ಕೊಡದ ಕೋಶಗಳ ಮೇಲೂ ಲೇಸರನ್ನು ಅಷ್ಟೇ ಸಲ ಹಾಯಿಸಿ ನೋಡಿದೆ. ಒಂದೊಂದು ಫ್ರೇಮಿಗೂ ಅವು ಬೆಳಗುತ್ತಾ ಹೋದವು. ಬಣ್ಣವನ್ನು ಉತ್ಕರ್ಷಿಸುತ್ತಿದ್ದದ್ದು ನನ್ನ ಮೈಕ್ರೋಸ್ಕೋಪು!

ಈ ಬಣ್ಣ ಹೈಡ್ರೋಜನ್ ಪೆರಾಕ್ಸೈಡ್ ಒಂದರ ಜೊತೆಗೇ ಬಿಟ್ಟರೆ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ನಡುವೆ ಪೆರಾಕ್ಸಿಡೇಸ್ ಕಿಣ್ವ, ಕಬ್ಬಿಣ, ಸೈಟೋಕ್ರೋಮ್ ಸಿ ಪ್ರೋಟೀನು ಇಂಥವು ಬೇಕು. ಅಂದರೆ ಕೋಶದಲ್ಲಿ ಕಬ್ಬಿಣ ಏರುಪೇರಾದರೂ ಹಸಿರು ಏರುತ್ತದೆ. ಅದು ಸಾಲದೆಂಬಂತೆ, ಅರ್ಧ ಉತ್ಕರ್ಷಿತವಾದ ಬಣ್ಣ ಆಮ್ಲಜನಕಕ್ಕೆ ಎಲೆಕ್ಟ್ರಾನ್ ಕೊಟ್ಟು ಸೂಪರಾಕ್ಸೈಡ್ ಹುಟ್ಟಿಸುತ್ತದೆ, ಅದರಿಂದ ಮತ್ತೆ ಪೆರಾಕ್ಸೈಡ್. ಅಳೆಯಬೇಕಾದದ್ದನ್ನು ತಾನೇ ತಯಾರಿಸುವ ಅಳತೆಗೋಲು ಇದು.

ಪ್ರೋಬ್ ಕಟ್ಟುವವರು ಬೆಳಕು ಕೊಡುವ ಅಣುವಿಗೆ ಒಂದು ರಾಸಾಯನಿಕ ಬೀಗ ಹಾಕುತ್ತಾರೆ. 2004ರಲ್ಲಿ ಬರ್ಕ್ಲಿಯ ಕ್ರಿಸ್ಟೋಫರ್ ಚಾಂಗ್ ಅವರ ತಂಡ ಬೋರಾನ್ ಇರುವ ಬೋರೋನೇಟ್ ಗುಂಪನ್ನೇ ಬೀಗ ಮಾಡಿತು. ಅದು ಇರುವವರೆಗೆ ಫ್ಲೋರೆಸೀನ್ ಎಂಬ ಹೊಳೆಯುವ ಅಣುವಿನ ಚೌಕಟ್ಟು ಮುಚ್ಚಿಕೊಂಡು ಬಣ್ಣಗೆಟ್ಟಿರುತ್ತದೆ. ಪೆರಾಕ್ಸೈಡ್ ಬಂದು ಬೋರಾನನ್ನು ಕಿತ್ತು ಫೀನಾಲ್ ಉಳಿಸಿದರೆ ಹೊಳೆಯುತ್ತದೆ. ಉಪಾಯ ಸೊಗಸಾಗಿದೆ. ಆದರೆ ಈ ಕ್ರಿಯೆ ಬಲು ನಿಧಾನ, ಕೋಶದ ಇನ್ನೊಂದು ಉತ್ಕರ್ಷಕವಾದ ಪೆರಾಕ್ಸಿನೈಟ್ರೈಟ್ ಅದೇ ಬೀಗವನ್ನು ಸುಮಾರು ಹತ್ತು ಲಕ್ಷ ಪಟ್ಟು ಬೇಗ ತೆಗೆಯುತ್ತದೆ. ಕೋಶದಲ್ಲಿ ಪೆರಾಕ್ಸೈಡ್ ಇರುವುದು ನ್ಯಾನೊಮೋಲಾರ್ ಲೆಕ್ಕದಲ್ಲಿ, ಗ್ಲುಟಾಥಯೋನ್ ಎಂಬ ಥಯೋಲ್ (ಗಂಧಕ-ಹೈಡ್ರೋಜನ್ ಗುಂಪಿರುವ ಅಣು) ಮಿಲಿಮೋಲಾರ್ ಲೆಕ್ಕದಲ್ಲಿ. ಆದ್ದರಿಂದ ಹೊಸ ಬೀಗ ಯೋಚಿಸುವಾಗ ನಾನು ಮೊದಲು ಕೇಳುವುದು, ಇದನ್ನು ಥಯೋಲ್‌ಗಳು ಒಡೆಯುತ್ತವೆಯೇ ಎಂದು. ಎಷ್ಟೋ ಅಣುಗಳು ಅಳತೆಯ ಪುಟ್ಟ ಪಾತ್ರೆಯಾದ ಕ್ಯುವೆಟ್‌ನಲ್ಲಿ ಗೆದ್ದು ಕೋಶದಲ್ಲಿ ಸೋಲುವುದು ಇಲ್ಲೇ.

ಇನ್ನೊಂದು ಕೊರತೆ: ಒಮ್ಮೆ ತೆರೆದ ಬೀಗ ಮತ್ತೆ ಬೀಳುವುದಿಲ್ಲ. ಹೊಳಪು ಕೂಡುತ್ತಲೇ ಹೋಗುತ್ತದೆ, ಪೆರಾಕ್ಸೈಡ್ ಇಳಿದದ್ದು ಕಾಣುವುದೇ ಇಲ್ಲ. ಏರಿಳಿತ ಬೇಕಿದ್ದರೆ 2006ರಲ್ಲಿ ಬಂದ ಹೈಪರ್ ಎಂಬ ಪ್ರೋಟೀನ್ ಪ್ರೋಬ್ ನೋಡಿ. ಬ್ಯಾಕ್ಟೀರಿಯಾದಲ್ಲಿ ಪೆರಾಕ್ಸೈಡನ್ನು ಗುರುತಿಸುವ ಆಕ್ಸಿಆರ್ ಪ್ರೋಟೀನಿನೊಳಗೆ ಹಳದಿ ಪ್ರತಿದೀಪ್ತಿ ಪ್ರೋಟೀನನ್ನು ಸೇರಿಸಿದ್ದು. ಎರಡು ತರಂಗಾಂತರಗಳ ಅನುಪಾತ ಕೊಡುತ್ತದೆ, ಹಿಂದಕ್ಕೂ ತಿರುಗುತ್ತದೆ. ಪಿಎಚ್ ಬದಲಾದರೆ ಮಾತ್ರ ಅದೂ ಮೋಸ ಮಾಡುತ್ತದೆ. ಅದಕ್ಕೇ ಹೈಪರಿನ ಒಂದು ಸಿಸ್ಟೀನ್ (ಅಮೈನೋ ಆಮ್ಲ) ಬದಲಿಸಿ ಪೆರಾಕ್ಸೈಡಿಗೆ ಕುರುಡಾಗಿಸಿದ ಸೈಫರ್ ಜೊತೆಯಲ್ಲಿರಲಿ.

ಈಗಿನ ಪ್ರಯೋಗಕ್ಕೆ ಒಂದು ಕೆಲಸ ಮಾಡಿ: ಲೇಸರ್ ಶಕ್ತಿ ತಗ್ಗಿಸಿ, ಪ್ರತಿ ತಟ್ಟೆಯಿಂದಲೂ ಹಿಂದೆ ಬೆಳಕು ಬೀಳದ ಜಾಗದಲ್ಲಿ ಒಂದೇ ಒಂದು ಚಿತ್ರ ತೆಗೆಯಿರಿ. ಕಂಟ್ರೋಲ್ ಆಗಲೂ ಹೊಳೆದರೆ, ಡಬ್ಬಿಯಲ್ಲಿದ್ದಾಗಲೇ ಬಣ್ಣ ಉತ್ಕರ್ಷಿತವಾಗಿತ್ತೇ ಎಂದು ಕೋಶವಿಲ್ಲದ ಬಫರಿನಲ್ಲಿ ನೋಡಿ. ಹಾಗೆ ನೋಡುವಾಗ ಬಣ್ಣದ ಅಸಿಟೇಟ್ ಗುಂಪುಗಳನ್ನು (ಹೆಸರಿನ ಕೊನೆಯ ‘ಡಿಎ’ ಅವೇ) ಕ್ಷಾರದಿಂದ ಬಿಡಿಸಿ, ಪಿಎಚ್ ಸರಿಮಾಡಿಕೊಳ್ಳುವುದು ಮರೆಯಬೇಡಿ, ಆ ಗುಂಪುಗಳು ಇದ್ದರೆ ಕೆಟ್ಟ ಬಣ್ಣವೂ ಹೊಳೆಯುವುದಿಲ್ಲ.