ನಿಮ್ಮನ್ನ ಈಗ್ಲೂ ಕಾಡೋ ಒಂದು ಜನಪದ ಹಾಡು ಯಾವ್ದು, ಯಾಕೆ?

ನಂಗೆ 'ಭಾಗ್ಯದ ಬಳೆಗಾರ'. ಸ್ಕೂಲ್ ಡೇಲಿ ಹಸಿರು ಸೀರೆ ಉಟ್ಟು ಕುಣಿಯೋ ಹಾಡು ಅಂತ್ಲೇ ತುಂಬಾ ವರ್ಷ ಅಂದ್ಕೊಂಡಿದ್ದೆ, ಈಗ ರೀಲ್ಸಲ್ಲಿ ಬೀಟ್ ಹಾಕಿ ಓಡಿಸ್ತಾರಲ್ಲ, ಕೇಳಕ್ಕಾಗಲ್ಲ ಮಾರಾಯ್ರೆ.

ವಿಷ್ಯ ಇಷ್ಟೇ, ಗಂಡನ ಮನೇಲಿರೋ ಹೆಣ್ಮಗಳು ಬಳೆಗಾರನಿಗೆ ನನ್ನ ತವರಿಗೆ ಹೋಗಿ ಬಾ ಅಂತಾಳೆ, ನಿನ್ನ ತವರು ನಂಗೇನ್ ಗೊತ್ತು ಅಂತಾನೆ ಅವನು, ಇವಳು ದಾರಿ ಹೇಳ್ತಾಳೆ. ಬಾಳೆ ಬಲಕ್ಕೆ ಬಿಡು, ಸೀಬೆ ಎಡಕ್ಕೆ ಬಿಡು, ನಟ್ಟನಡುವೆ ಹೋಗು. ಹಂಚಿನ ಮನೆ, ಕಂಚಿನ ಕದ, ಎರಡು ಗಿಳಿ, ಆಲೆ, ಗಾಣ. ಇಷ್ಟುದ್ದ ಅಡ್ರೆಸ್ ಕೊಟ್ಟು ಊರಿನ ಹೆಸರು ಮಾತ್ರ ಒಂದ್ಸಲನೂ ಹೇಳಲ್ಲ ನೋಡಿ. ತನ್ನ ಕಷ್ಟಸುಖನೂ ಹೇಳ್ಕೊಳಲ್ಲ. ಹಡೆದವ್ವಂಗೆ ಅಚ್ಚ ಕೆಂಪಿನ ಬಳೆ, ಹಸಿರು ಗೀರಿನ ಬಳೆ ಅಂದ್ರೆ ಆಸೆ, ತಗೊಂಡೋಗು, ಅಷ್ಟೇ. ಆಗೆಲ್ಲ ಊರೂರು ತಿರುಗ್ತಾ, ಜಗಲಿ ಮೇಲೆ ಕೂತು ಹೆಂಗಸರ ಕೈ ಹಿಡಿದು ಬಳೆ ಏರಿಸ್ತಾ ಮಾತಾಡೋನು ಬಳೆಗಾರನೇ ತಾನೆ, ಸುದ್ದಿ ಅವನ ಮಲಾರದ, ಅಂದ್ರೆ ಬಳೆ ಗಂಟಿನ, ಜೊತೇಲೇ ಹೋಗ್ಬೇಕು. 1942ರ 'ಮೈಸೂರ ಮಲ್ಲಿಗೆ'ಯಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರ ಬಳೆಗಾರ ಚೆನ್ನಯ್ಯ ಮಾಡೋದೂ ಇದೇ ಕೆಲಸ, ಅಲ್ಲಿ ಉಲ್ಟಾ, ತವರಲ್ಲಿರೋ ಹೆಂಡ್ತಿ ಸುದ್ದಿನ ಗಂಡನ ಹತ್ರ ತರ್ತಾನೆ.

ನಮ್ಮಜ್ಜಿ ಇದನ್ನ ಹಾಡ್ತಿದ್ದಿದ್ದು ಅಕ್ಕಿ ಕೇರುವಾಗ. ನಮ್ದು ಮಂಡ್ಯ ಕಡೆ ಹಳ್ಳಿ. ಮೊರದ ಸದ್ದೇ ತಾಳ, ಕಲ್ಲು ಸಿಕ್ಕಿದ್ರೆ ಹಾಡು ನಿಲ್ಲೋದು, ಆರಿಸಿ ಅಂಗಳಕ್ಕೆ ಎಸೆದು ಮತ್ತೆ ಬಿಟ್ಟಲ್ಲಿಂದ ಶುರು. ಮುತ್ತಿನ ಚಪ್ಪರದ ಕೆಳಗೆ ಅವ್ವ ಪಗಡೆ ಆಡ್ತಿರ್ತಾಳೆ ಅಂತ ಒಂದು ನುಡಿ ಬರತ್ತಲ್ಲ, ಅಲ್ಲಿಗೆ ಬಂದ್ರೆ ಪ್ರತಿಸಲ ನಗೋಳು, "ನಮ್ಮವ್ವ ಎಲ್ಲಿ ಪಗಡೆ ಆಡುದ್ಲವ್ವ, ಒಲೆ ಮುಂದ್ಲಿಂದ ಎದ್ದುದ್ದೇ ನಾ ಕಾಣೆ" ಅನ್ನೋಳು. ಆದ್ರೂ ಆ ನುಡಿ ಬಿಡ್ತಿರ್ಲಿಲ್ಲ. ಬಳೆ ನುಡಿ ಮಾತ್ರ ತುಂಬಾ ನಿಧಾನ, ಮೊರ ತೊಡೆ ಮೇಲೆ ಸುಮ್ನೆ ಇರೋದು. ಅಜ್ಜಿಗೆ ಮದುವೆಯಾಗಿ ಎರಡ್ನೇ ವರ್ಷಕ್ಕೇ ಅವಳವ್ವ ಹೋಗ್ಬಿಟ್ಟಿದ್ರು ಅಂತ ಆಮೇಲೆ ಅಮ್ಮ ಹೇಳಿದ್ದು.

ಕಾಲೇಜಲ್ಲಿದ್ದಾಗ ಒಂದ್ಸಲ ಯಾವ್ದೋ ಮದುವೆಗೆ ಹೋದೋಳು ಹಂಗೇ ಅಜ್ಜಿ ತವರಿಗೂ ಹೋಗ್ಬಂದೆ. ಹಂಚಿನ ಮನೆ ಹೋಗಿ ಆರ್‌ಸಿಸಿ ಆಗಿತ್ತು, ಗಿಳಿ ಗಿಳಿ ಏನೂ ಇಲ್ಲ, ಒಂದು ಮುದಿ ಸೀಬೆ ಮರ ಮಾತ್ರ ಇತ್ತು. ಬಂದು ಅಜ್ಜಿಗೆ ಹೇಳ್ದೆ, ನಿನ್ನ ಹಾಡು ಸುಳ್ಳು ಕಣಜ್ಜಿ, ಸೀಬೆ ಎಡಕ್ಕಿಲ್ಲ, ಬಲಕ್ಕೈತೆ ಅಂತ.

ಮೊರದಿಂದ ತಲೆ ಎತ್ತದೇ ಅಂದ್ಲು, "ನೀ ಹಿತ್ಲು ದಾರೀಲಿ ಹೋಗಿದೀಯ ಬುಡು."