ಮೃಗಾಲಯದಲ್ಲಿ ಕೋತಿ ಹಲ್ಲು ಕಿರಿದರೆ ಅದು ನಗುವೇ?

ನೀವು ಕೇಳಿದ್ದು ಇದು: ಮೃಗಾಲಯದಲ್ಲಿ ಚಿಂಪಾಂಜಿ, ಕೋತಿ, ಆನೆಗಳು ನಮ್ಮಂತೆಯೇ ನಗುತ್ತವೆ, ಜಗಳ ಆಡುತ್ತವೆ, ಕುಣಿಯುತ್ತವೆ, ಈ ಹೋಲಿಕೆ ನಿಜವೋ, ನಮ್ಮ ಕಲ್ಪನೆಯೋ?

ಜಗಳ ನಿಜ. ನಗು ಅರ್ಧ ನಿಜ. ಕುಣಿತ ಸುಳ್ಳು. ಥೇಟ್ ನಮ್ಮಂತೆ ಕಾಣುವ ಮುಖಭಾವವೇ ನಮ್ಮನ್ನು ಹೆಚ್ಚು ದಾರಿ ತಪ್ಪಿಸುತ್ತದೆ. ಗಟ್ಟಿಯಾದ ಹೋಲಿಕೆ ಸಿಗುವುದು ಜಗಳ ಮುಗಿದ ಮೇಲಿನ ಹತ್ತು ನಿಮಿಷದಲ್ಲಿ. ಅಷ್ಟು ಹೊತ್ತಿಗೆ ನಾವು ಮುಂದಿನ ಆವರಣಕ್ಕೆ ಹೋಗಿಬಿಟ್ಟಿರುತ್ತೇವೆ.

ಮೊದಲು ನಗು. ನಮ್ಮ ಊರಿನ ಕೆಂಪುಮೋರೆಯ ಕೋತಿ ತುಟಿ ಹಿಂದಕ್ಕೆಳೆದು, ಮೇಲಿನ ಕೆಳಗಿನ ಎರಡೂ ಸಾಲು ಹಲ್ಲು ತೋರಿಸಿದರೆ ಅದಕ್ಕೆ ಖುಷಿಯಾಗಿದೆ ಎಂದಲ್ಲ, ಹೆಚ್ಚಾಗಿ ಅದು ಹೆದರಿದೆ ಎಂದರ್ಥ. ದೊಡ್ಡ ಗಂಡು ಹತ್ತಿರ ಬಂದಾಗ ಸಣ್ಣದು 'ನನ್ನ ತಂಟೆಗೆ ಬರಬೇಡ, ನಾನು ನಿನ್ನ ಎದುರಾಳಿಯಲ್ಲ' ಎನ್ನುವ ರೀತಿ ಇದು. ಆಟದ ಮುಖವೇ ಬೇರೆ: ಬಾಯಿ ಸಡಿಲವಾಗಿ ತೆರೆದಿರುತ್ತದೆ, ಮೇಲಿನ ಹಲ್ಲನ್ನು ತುಟಿ ಮುಚ್ಚಿರುತ್ತದೆ, ಮೈ ಬಿಗಿಯಾಗಿರುವುದಿಲ್ಲ. ಚಿಂಪಾಂಜಿ ಮರಿಗೆ ಕಚಗುಳಿ ಇಟ್ಟರೆ ಈ ಮುಖದ ಜೊತೆ ಏದುಸಿರಿನಂಥ ಸದ್ದೂ ಬರುತ್ತದೆ. ನಾವು ನಗುವುದು ಹೆಚ್ಚಾಗಿ ಉಸಿರು ಬಿಡುವಾಗ. ಅದು ಉಸಿರು ಎಳೆಯುವಾಗಲೂ ಸದ್ದು ಮಾಡುತ್ತದೆ. ಡಚ್ ವಿಜ್ಞಾನಿ ಯಾನ್ ವಾನ್ ಹೂಫ್ 1972ರಲ್ಲಿ ಈ ಎರಡನ್ನೂ ಬಿಡಿಸಿ ತೋರಿಸಿದರು: ನಮ್ಮ ಗಹಗಹಿಸುವ ನಗುವಿನ ಬೇರು ಆಟದ ಮುಖದಲ್ಲಿದೆ, ಮುಗುಳ್ನಗೆಯ ಬೇರು ಆ ಹಲ್ಲುಕಿರಿತದಲ್ಲಿದೆ ಎಂಬುದು ಅವರ ವಾದ. ಮೇಲಧಿಕಾರಿಯ ಮುಂದೆ ನಿಂತಾಗ ಕಾರಣವಿಲ್ಲದೆ ಬರುವ ನಗೆಯನ್ನು ನೆನಪಿಸಿಕೊಂಡರೆ ಇದು ದೂರದ ಮಾತು ಅನ್ನಿಸುವುದಿಲ್ಲ.

ದಿಟ್ಟಿಸಿ ನೋಡುವುದರಲ್ಲೂ ಇದೇ ಎಡವಟ್ಟು. ನಮಗೆ ಕಣ್ಣಲ್ಲಿ ಕಣ್ಣಿಟ್ಟು ನಗುವುದು ಸ್ನೇಹ, ಗೊರಿಲ್ಲಾಗೆ ಅದು ಸವಾಲು. 2007ರಲ್ಲಿ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ಮೃಗಾಲಯದ ಬೊಕಿಟೊ ಎಂಬ ಗಂಡು ಗೊರಿಲ್ಲಾ ಆವರಣ ದಾಟಿ ಬಂದು ಒಬ್ಬ ಮಹಿಳೆಯನ್ನು ತೀವ್ರವಾಗಿ ಗಾಯಗೊಳಿಸಿತು. ಆಕೆ ಪದೇಪದೇ ಬಂದು ಅದರ ಕಣ್ಣು ನೋಡಿ ನಗುತ್ತಿದ್ದವರು, ಅದೂ ತನ್ನನ್ನು ನೋಡಿ ನಗುತ್ತದೆಂದು ನಂಬಿದ್ದವರು. ಮೈಸೂರಿಗೆ 2021ರಲ್ಲಿ ಜರ್ಮನಿಯಿಂದ ಎರಡು ಗಂಡು ಗೊರಿಲ್ಲಾ ಬಂದಿವೆ. ಅವುಗಳ ಮುಂದೆ ನಿಂತಾಗ ಸ್ವಲ್ಪ ಪಕ್ಕಕ್ಕೆ ತಿರುಗಿ, ಹಲ್ಲು ಕಾಣದಂತೆ, ಓರೆನೋಟದಲ್ಲಿ ನೋಡಿ. ಮಕ್ಕಳು ಎದೆ ಬಡಿದುಕೊಂಡು ಅಣಕಿಸದಂತೆ ತಡೆಯಿರಿ. ಅಂದಹಾಗೆ, ಗೊರಿಲ್ಲಾ ಎದೆ ಬಡಿದುಕೊಳ್ಳುವುದು ಮುಷ್ಟಿಯಿಂದಲ್ಲ, ಬೊಗಸೆಯಂತೆ ಬಾಗಿಸಿದ ಅಂಗೈಯಿಂದ. ಸದ್ದು ದೂರ ಹೋಗುವುದು ಅದರಿಂದಲೇ.

ಇನ್ನು ನಿಜವಾಗಿ ಹೋಲುವಂಥವು. ಮಕ್ಕಳು ರಚ್ಚೆ ಹಿಡಿಯುವುದು ಅದರಲ್ಲೊಂದು. 1838ರ ಮಾರ್ಚ್‌ನಲ್ಲಿ ಚಾರ್ಲ್ಸ್ ಡಾರ್ವಿನ್ ಲಂಡನ್ ಮೃಗಾಲಯದಲ್ಲಿ ಜೆನ್ನಿ ಎಂಬ ಒರಾಂಗುಟಾನನ್ನು ನೋಡಿದರು. ಪಾಲಕ ಸೇಬು ತೋರಿಸಿ ಕೊಡದೇ ಸತಾಯಿಸಿದಾಗ ಅದು ಅಂಗಾತ ಬಿದ್ದು, ಕಾಲು ಝಾಡಿಸಿ ಅತ್ತಿತು. ಅಳು ನಿಲ್ಲಿಸಿದರೆ ಕೊಡುತ್ತೇನೆ ಎಂದ ಮೇಲೆ ಕಷ್ಟಪಟ್ಟು ಬಿಕ್ಕು ತಡೆದುಕೊಂಡಿತು, ಸೇಬು ಸಿಕ್ಕಿತು, ಆರಾಮಕುರ್ಚಿ ಹತ್ತಿ ಕೂತು ತಿಂದಿತು. ಹಾಲು ಬಿಡಿಸುವ ವಯಸ್ಸಿನ ಚಿಂಪಾಂಜಿ ಮರಿಗಳೂ ಹೀಗೆಯೇ ಕಿರುಚಿ ನೆಲಕ್ಕೆ ಬೀಳುತ್ತವೆ. ನಡುನಡುವೆ ತಾಯಿ ನೋಡುತ್ತಿದೆಯೇ ಎಂದು ಓರೆಗಣ್ಣಿನಿಂದ ಪರೀಕ್ಷಿಸುವುದನ್ನು ಗಮನಿಸಿ.

ಹೇನು ನೋಡುವುದು ಇನ್ನೊಂದು. ಜಗಲಿಯ ಮೇಲೆ ಒಬ್ಬರ ಹಿಂದೆ ಒಬ್ಬರು ಕೂತು ತಲೆ ನೋಡುತ್ತಾ ಮಾತಾಡುವವರಿಗೆ ಹೇನು ಒಂದು ನೆಪ. ಕೋತಿಗಳಲ್ಲೂ ಅಷ್ಟೇ, ಹೆಕ್ಕುವುದರಲ್ಲಿ ಕೊಳೆ, ಒಣಚರ್ಮದ ಚೂರೂ ಇರುತ್ತವೆ, ಆದರೆ ಮುಖ್ಯವಾಗಿ ಅಲ್ಲಿ ನಡೆಯುವುದು ನಂಟು ಬೆಸೆಯುವ ಕೆಲಸ. ಯಾರು ಯಾರ ಮೈ ನೋಡುತ್ತಾರೆ ಎಂದು ಒಂದು ಬೆಳಗ್ಗೆ ಗುರುತು ಹಾಕಿಕೊಂಡರೆ ಗುಂಪಿನಲ್ಲಿ ಯಾರಿಗೆ ಯಾರು ಬೇಕಾದವರು ಎಂಬುದರ ಒಂದು ಅಂದಾಜು ಸಿಗುತ್ತದೆ.

ಎಲ್ಲಕ್ಕಿಂತ ದೊಡ್ಡದು ರಾಜಿ. ನೆದರ್‌ಲ್ಯಾಂಡ್ಸ್‌ನ ಆರ್ನೆಮ್ ಮೃಗಾಲಯದಲ್ಲಿ 1971ರಿಂದ ಚಿಂಪಾಂಜಿಗಳ ದೊಡ್ಡ ಗುಂಪು ಇದೆ. ಅಲ್ಲಿ ಪ್ರಾಣಿಗಳ ನಡವಳಿಕೆಯ ವಿಜ್ಞಾನಿ ಫ್ರಾನ್ಸ್ ಡಿ ವಾಲ್ ಮತ್ತು ಅವರ ಸಹೋದ್ಯೋಗಿ 1979ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರ ಇಷ್ಟು: ಹೊಡೆದಾಡಿದ ಇಬ್ಬರು ದೂರ ಸರಿಯುವ ಬದಲು ಪರಸ್ಪರ ಹುಡುಕಿಕೊಂಡು ಬರುತ್ತಾರೆ, ಕೈ ಚಾಚುತ್ತಾರೆ, ಬಾಯಿಗೆ ಬಾಯಿ ತಾಗಿಸಿ ಮುತ್ತಿಡುತ್ತಾರೆ. ಸೋತವನನ್ನು ಮೂರನೆಯವರು ಬಂದು ತಬ್ಬುವುದೂ ಉಂಟು. ಟೂ ಬಿಟ್ಟ ಮಕ್ಕಳು ಸಂಜೆಯೊಳಗೆ ಮತ್ತೆ ಸೇರುವುದು ಇದೇ ಜಾಡಿನದು. ಹಾಗೆಂದು ಇದನ್ನು ಬರೀ ಸಿಹಿ ಮಾಡಬಾರದು. ಅದೇ ಗುಂಪಿನಲ್ಲಿ 1980ರಲ್ಲಿ ಇಬ್ಬರು ಗಂಡುಗಳು ಒಂದಾಗಿ ಮೂರನೆಯವನಾದ ಲೂಯಿಟ್‌ನನ್ನು ರಾತ್ರಿ ಕೋಣೆಯಲ್ಲಿ ಸಾಯುವಷ್ಟು ಗಾಯಗೊಳಿಸಿದರು. ಕುರ್ಚಿಗಾಗಿ ಕೂಟ ಕಟ್ಟುವುದೂ ನಮಗೆ ಅವಕ್ಕೆ ಸಮಾನ.

ಆನೆಗಳಲ್ಲಿ ಸಾಂತ್ವನ ನೋಡಲು ಸುಲಭ. ಒಂದು ಬೆದರಿ ಬಾಲ ಎತ್ತಿ ಕಿವಿ ಅಗಲಿಸಿದರೆ, ಪಕ್ಕದ್ದು ಬಂದು ಸೊಂಡಿಲ ತುದಿಯನ್ನು ಅದರ ಬಾಯೊಳಗೆ ಇಡುತ್ತದೆ. ಆದರೆ ನಿಂತಲ್ಲೇ ಎಡಕ್ಕೆ ಬಲಕ್ಕೆ ತೂಗುವ ಆನೆ ಕುಣಿಯುತ್ತಿಲ್ಲ. ಹುಲಿ, ಕರಡಿ ಒಂದೇ ಗೆರೆಯಲ್ಲಿ ಓಡಾಡಿ ಒಂದೇ ಜಾಗದಲ್ಲಿ ತಿರುಗುವುದೂ ಅದೇ ಜಾತಿಯದು. ಪರೀಕ್ಷಿಸಲು ಹೆಜ್ಜೆ ಎಣಿಸಿ: ಸತತ ಹತ್ತು ಸುತ್ತು ಅದೇ ಹೆಜ್ಜೆ, ಅದೇ ತಿರುವು ಬಂದರೆ ಬಂಧನದ ಬೇಸರ ಅಥವಾ ಒತ್ತಡ ಹುಟ್ಟಿಸಿದ ಚಾಳಿ ಇರಬಹುದು. ಊಟದ ಹೊತ್ತು ಹತ್ತಿರವಿದ್ದರೆ ಕಾಯುವ ಚಡಪಡಿಕೆಯೂ ಹೀಗೇ ಕಾಣುತ್ತದೆ, ಊಟವಾದ ಮೇಲೆ ಮತ್ತೊಮ್ಮೆ ಬಂದು ನೋಡಿ. ಹಳೆಯ ಇಕ್ಕಟ್ಟಿನ ಪಂಜರದಲ್ಲಿ ಅಂಟಿದ ಚಾಳಿ ವಿಶಾಲ ಆವರಣಕ್ಕೆ ಬಂದ ಮೇಲೂ ಉಳಿಯಬಹುದು, ಆದ್ದರಿಂದ ಈಗಿನ ಪಾಲಕರನ್ನು ತಕ್ಷಣ ದೂರಬೇಡಿ.

ನೀವೇ ನೋಡುವುದಾದರೆ ಇಡೀ ಮೃಗಾಲಯ ಸುತ್ತುವ ಆಸೆ ಬಿಡಿ. ಚಿಂಪಾಂಜಿ ಅಥವಾ ಸಿಂಗಳೀಕದ ಒಂದು ಗುಂಪು ಸಾಕು. ಒಂದು ಪ್ರಾಣಿಯನ್ನು ಮೊದಲೇ ಆರಿಸಿ, ಹತ್ತು ನಿಮಿಷ ಅದನ್ನೇ ಹಿಂಬಾಲಿಸಿ. ಪ್ರತಿ ನಿಮಿಷಕ್ಕೆ ಏನು ಮಾಡುತ್ತಿದೆ, ಕೈಗೆಟುಕುವ ದೂರದಲ್ಲಿ ಯಾರಿದ್ದಾರೆ ಎಂದು ಬರೆಯಿರಿ. ಆಮೇಲೆ ಇನ್ನೊಂದು ಪ್ರಾಣಿ. ಮೊದಲೇ ಆರಿಸದಿದ್ದರೆ ಕಣ್ಣು ಗಲಾಟೆ ನಡೆಯುವ ಕಡೆಗೇ ಓಡುತ್ತದೆ, ಸುಮ್ಮನೆ ಕೂತವು ಲೆಕ್ಕಕ್ಕೇ ಬರುವುದಿಲ್ಲ. 'ಕೋಪ ಬಂತು' ಎಂದು ಬರೆಯಬೇಡಿ, 'ರೋಮ ನಿಮಿರಿತು, ಕೊಂಬೆ ಅಲ್ಲಾಡಿಸಿತು' ಎಂದು ಬರೆಯಿರಿ. ಜಗಳ ಕಂಡರೆ ಆ ಇಬ್ಬರನ್ನೇ ಮುಂದಿನ ಹತ್ತು ನಿಮಿಷ ನೋಡಿ, ಮರುದಿನ ಅದೇ ಹೊತ್ತಿಗೆ ಜಗಳವಿಲ್ಲದಾಗ ಅದೇ ಇಬ್ಬರನ್ನು ಮತ್ತೆ ಹತ್ತು ನಿಮಿಷ. ಈ ಎರಡನೇ ನೋಟವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಯಾವಾಗಲೂ ಅಂಟಿಕೊಂಡೇ ಇರುವ ಜೋಡಿ ಜಗಳದ ನಂತರ ಹತ್ತಿರ ಬಂದರೆ ಅದನ್ನು ರಾಜಿ ಎನ್ನಲು ಬರುವುದಿಲ್ಲ. ಒಂದೇ ಜಗಳದಿಂದ ತೀರ್ಮಾನಕ್ಕೂ ಬರಬೇಡಿ, ಇಂಥ ಜೋಡಿ ಟಿಪ್ಪಣಿಗಳು ಹಲವು ಸೇರಬೇಕು.

ಮೈಸೂರು ಮೃಗಾಲಯಕ್ಕೆ ಮಂಗಳವಾರ ರಜೆ. ಉಳಿದ ದಿನ ಬಾಗಿಲು ತೆರೆಯುತ್ತಿದ್ದಂತೆ ಒಳಗೆ ಹೋಗಿ. ಮಧ್ಯಾಹ್ನದ ಬಿಸಿಲಿಗೆ ಹೆಚ್ಚಿನವು ನೆರಳಿಗೆ ಸರಿದು ಮಲಗಿರುತ್ತವೆ.